ಪಿಕಪ್ ಗಾಡಿಯನ್ನು ಮನೆಯಲ್ಲಿಯೇ ತೊಳೆದು ಶುಚಿಯಾಗಿಡುವ ಕ್ರಮ



ಕಾರಹುಣ್ಣಿಮೆ ಬಂದಿತೆಂದರೆ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆಯುವ ಸಡಗರ. ಎತ್ತಿಗೆ ನೀರು ಹಾಕುವ ಒಕ್ಕಲಿಗನ ಕೈ ಸುಮ್ಮನೆ ಮೈ ತಿಕ್ಕುವುದಿಲ್ಲ. ಹೆಗಲ ಮೇಲೆ ನೊಗ ಉಜ್ಜಿದ ಬಾವು ಇದೆಯೇ, ಗೊರಸಿನ ಸಂದಿಯಲ್ಲಿ ಗಾಯವಾಗಿದೆಯೇ, ಕಿವಿಯೊಳಗೆ ಉಣ್ಣಿ ಸೇರಿದೆಯೇ ಎಂದು ಹುಡುಕುತ್ತ ಹೋಗುತ್ತದೆ. ಮೈ ತೊಳೆಯುವುದು ಮತ್ತು ಮೈ ಪರೀಕ್ಷಿಸುವುದು ಎರಡೂ ಒಂದೇ ಕೆಲಸವೆಂಬುದನ್ನು ಹಿರಿಯರು ಬಲ್ಲವರಾಗಿದ್ದರು.

ಎತ್ತಿನ ಬಂಡಿ ಮಾಡುತ್ತಿದ್ದ ಹೇರುವ ಕೆಲಸವನ್ನು ಇಂದು ಬಹುಮಟ್ಟಿಗೆ ಪಿಕಪ್ ಗಾಡಿ ಮಾಡುತ್ತಿದೆ. ಇಂಡಿಯ ಲಿಂಬೆ, ಸಿಂದಗಿಯ ತೊಗರಿ ಮತ್ತು ಹತ್ತಿ, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ, ಮುದ್ದೇಬಿಹಾಳದ ಸೂರ್ಯಕಾಂತಿ, ಎಲ್ಲೆಡೆಯ ದ್ರಾಕ್ಷಿ, ದಾಳಿಂಬೆ ಹೊಲದಿಂದ ಪೇಟೆಗೆ ಹೋಗುವುದು ಇದರ ಬೆನ್ನ ಮೇಲೆಯೇ. ಈ ನಾಲ್ಕು ತಾಲೂಕುಗಳಿಂದ ಬೇರ್ಪಟ್ಟು ಹೊಸ ತಾಲೂಕುಗಳಾದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿಗಳಲ್ಲಿಯೂ ಇದೇ ಸ್ಥಿತಿ. ಆದರೆ ಎತ್ತಿಗೆ ಸಿಕ್ಕ ಆರೈಕೆ ಗಾಡಿಗೆ ಸಿಕ್ಕುತ್ತಿಲ್ಲ. ವರ್ಷಕ್ಕೊಮ್ಮೆ ಖಂಡೇನವಮಿಯ ದಿನ ಅದಕ್ಕೆ ಜಳಕ, ಕುಂಕುಮ, ಹೂವಿನ ಮಾಲೆ. ಉಳಿದ ದಿನಗಳಲ್ಲಿ "ಕಬ್ಬಿಣದ ಗಾಡಿಗ್ಯಾಕ ಜಳಕ? ನಾಳಿ ಮತ್ತ ಕೆಸರಾಗೇ ಹೋಗೂದೈತಿ" ಎನ್ನುವವರೇ ಹೆಚ್ಚು.

ಈ ಮಾತಿನಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಗಾಡಿಯನ್ನು ತೊಳೆಯುವುದು ಹೊಳಪಿಗಾಗಿ ಅಲ್ಲ. ಮೊದಲನೆಯದಾಗಿ ಸಾಲದ ಕಂತು ಮುಗಿಯುವ ಮೊದಲೇ ತಗಡು ತೂತು ಬೀಳಬಾರದೆಂದು. ಎರಡನೆಯದಾಗಿ, ಮತ್ತು ಇದೇ ಮುಖ್ಯವಾದದ್ದು, ನಿನ್ನೆ ಹೇರಿದ ವಸ್ತುವಿನ ವಿಷ ಇಂದು ಹೇರುವ ವಸ್ತುವಿಗೆ ತಗಲಬಾರದೆಂದು. ಆದ್ದರಿಂದ ಗಾಡಿ ಎಷ್ಟು ಹೊಲಸಾಗಿದೆ ಎಂಬುದನ್ನಷ್ಟೇ ನೋಡದೆ, ಮುಂದಿನ ಸಲ ಅದರಲ್ಲಿ ಏನನ್ನು ಹೇರಬೇಕಾಗಿದೆ ಎಂಬುದನ್ನು ನೋಡಿ ತೊಳೆಯಬೇಕು.

ತೊಳೆಯದಿದ್ದರೆ ಆಗುವ ಹಾನಿ

ಉದಾಹರಣೆಗೆ ಇಂಡಿ ಭಾಗದ ಒಬ್ಬ ಲಿಂಬೆ ಬೆಳೆಗಾರನ ಗಾಡಿಯ ಒಂದು ವಾರದ ದುಡಿಮೆಯನ್ನು ಗಮನಿಸಬಹುದು. ಸೋಮವಾರ ಸೊಸೈಟಿಯಿಂದ ಯೂರಿಯಾ ಮತ್ತು ಪೊಟ್ಯಾಷ್ ಚೀಲ ಬರುತ್ತವೆ. ಮಂಗಳವಾರ ಕೀಟನಾಶಕದ ಡಬ್ಬಿಗಳು ಮತ್ತು ಸಿಂಪರಣೆ ಪಂಪು ತೋಟಕ್ಕೆ ಹೋಗುತ್ತವೆ. ಬುಧವಾರ ತಿಪ್ಪೆಗೊಬ್ಬರ. ಗುರುವಾರ ಲಿಂಬೆ ಹಣ್ಣು ಮಾರುಕಟ್ಟೆಗೆ. ಶುಕ್ರವಾರ ಅದೇ ಗಾಡಿಯಲ್ಲಿ ಮನೆಗೆ ಜೋಳ, ಗೋಧಿ, ಬೆಲ್ಲ, ದನಗಳಿಗೆ ಹಿಂಡಿ. ಇವೆಲ್ಲವುಗಳ ನಡುವೆ ಕಸಬರಿಗೆಯೂ ಆಡದಿದ್ದರೆ ಸೋಮವಾರದ ಗೊಬ್ಬರ, ಮಂಗಳವಾರದ ಔಷಧಿ ಶುಕ್ರವಾರದ ಜೋಳದ ಚೀಲದ ಕೆಳಗೆ ಇದ್ದೇ ಇರುತ್ತವೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿ ಹಿಟ್ಟನ್ನು ತಿಂದು 100ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಹಿಟ್ಟಿಗೆ ಯಾರೂ ಬೇಕೆಂದು ವಿಷ ಬೆರೆಸಿರಲಿಲ್ಲ. ಸಾಗಣೆಯ ಕಾಲದಲ್ಲಿ ಆಹಾರವೂ ಕೀಟನಾಶಕವೂ ಒಂದೇ ಕಡೆ ಇದ್ದು, ಸೋರಿದ ವಿಷ ಆಹಾರಕ್ಕೆ ತಗಲಿತ್ತು. ಅನಂತರ 1968ರಲ್ಲಿ ಕೀಟನಾಶಕ ಕಾಯಿದೆ, 1971ರಲ್ಲಿ ಅದರ ನಿಯಮಗಳು ಬಂದವು. ಕೀಟನಾಶಕವನ್ನು ಆಹಾರ ಪದಾರ್ಥಕ್ಕಾಗಲಿ ದನಗಳ ಮೇವಿಗಾಗಲಿ ತಗಲುವಂತೆ ಸಾಗಿಸಬಾರದು, ಇಡಬಾರದು ಎಂಬುದು ಆ ನಿಯಮಗಳಲ್ಲಿ ಒಂದು. ಹಡಗಿಗೆ ಅನ್ವಯಿಸುವ ಈ ವಿವೇಕ ಹಳ್ಳಿಯ ಪಿಕಪ್ ಗಾಡಿಗೂ ಅನ್ವಯಿಸುತ್ತದೆ.

ಇನ್ನು ತಗಡಿನ ವಿಷಯ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು. ಜೊತೆಗೆ ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಗೊಬ್ಬರದಲ್ಲಿ ತೂಕದ ಸುಮಾರು ಅರ್ಧದಷ್ಟು ಕ್ಲೋರೈಡ್ ಇರುತ್ತದೆ. ಅಡುಗೆ ಉಪ್ಪಿನಲ್ಲಿಯೂ ಇರುವುದು ಇದೇ ಕ್ಲೋರೈಡ್. ಯೂರಿಯಾ ಗಾಳಿಯ ತೇವವನ್ನು ಎಳೆದುಕೊಂಡು ತಗಡಿನ ಮೇಲೆ ಹಸಿಯಾಗಿಯೇ ಕುಳಿತಿರುತ್ತದೆ. ಒಡೆದ ಲಿಂಬೆ ಹಣ್ಣಿನ ರಸದಲ್ಲಿರುವ ಸಿಟ್ರಿಕ್ ಆಮ್ಲ ಬಣ್ಣ ಕಿತ್ತ ಜಾಗವನ್ನು ಸೇರಿ ಲೋಹವನ್ನು ತಿನ್ನುತ್ತದೆ.

ದ್ರಾಕ್ಷಿ ಬೆಳೆಗಾರರು ಬೋರ್ಡೋ ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದ್ದಿ ಪರೀಕ್ಷಿಸುತ್ತಾರೆ. ಸುಣ್ಣ ಕಡಿಮೆಯಾಗಿದ್ದರೆ ಚಾಕುವಿಗೆ ಕೆಂಪು ಬಣ್ಣ ಹತ್ತುತ್ತದೆ. ಆ ಕೆಂಪು ಬಣ್ಣ ತಾಮ್ರದ್ದು. ಅಷ್ಟು ತಾಮ್ರ ಹತ್ತಬೇಕಾದರೆ ಅದಕ್ಕೆ ತಕ್ಕಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಮೈಲುತುತ್ತದ ಚೀಲ ಸೋರಿದ ಗಾಡಿಯ ನೆಲದಲ್ಲಿ ನಡೆಯುವುದೂ ಇದೇ ಕ್ರಿಯೆ.

ಮೂರನೆಯ ಹಾನಿ ಹೊಲಕ್ಕೆ. ಗಾಲಿ ಮತ್ತು ಮಡ್‌ಗಾರ್ಡಿನಲ್ಲಿ ಹಿಡಿದ ಮಣ್ಣಿನೊಡನೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸದ ಬೀಜ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಸವಾರಿ ಮಾಡುತ್ತದೆ. ನೆಲದ ಸಂದಿಯಲ್ಲಿ ಉಳಿದ ಹಳೆಯ ತೊಗರಿ, ಕಡಲೆ ಕಾಳಿನಲ್ಲಿ ನುಸಿ ಇದ್ದರೆ ಅದು ಹೊಸ ಕಾಳಿಗೆ ಹಬ್ಬುತ್ತದೆ. ದುಂಡಾಣು ಅಂಗಮಾರಿ ತಗಲಿದ ದಾಳಿಂಬೆ ತೋಟದಿಂದ ಸವರಿದ ಟೊಂಗೆಗಳನ್ನು ಹೇರಿದ ಗಾಡಿಯಲ್ಲಿ ಎಲೆ, ಕಡ್ಡಿ ಉಳಿದರೆ ರೋಗವೂ ಜೊತೆಗೆ ಬರುವ ಸಂಭವವಿದೆ.

ನೀರು: ಎಷ್ಟು ಮತ್ತು ಯಾವುದು

ವಿಜಯಪುರ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 600 ಮಿಲಿಮೀಟರ್ ಆಸುಪಾಸು. ಅದೂ ಎಲ್ಲ ವರ್ಷ ಕೈ ಹಿಡಿಯುವುದಿಲ್ಲ. ಇಂಥ ನಾಡಿನಲ್ಲಿ ಗಾಡಿ ತೊಳೆಯಲು ಪೈಪು ಹಿಡಿದು ನಿಲ್ಲುವುದು ಸಲ್ಲದು. ಪೈಪಿನ ನೀರಿನ ಲೆಕ್ಕವನ್ನು ಪ್ರತಿಯೊಬ್ಬರೂ ಮನೆಯಲ್ಲಿಯೇ ಮಾಡಿ ನೋಡಬಹುದು. 15 ಲೀಟರಿನ ಬಕೆಟ್ ಇಟ್ಟು ಅದು ತುಂಬಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಬೇಕು. ಒಂದು ನಿಮಿಷದಲ್ಲಿ ತುಂಬಿದರೆ 20 ನಿಮಿಷದ ತೊಳೆತಕ್ಕೆ 300 ಲೀಟರ್ ನೀರು ಖರ್ಚಾಗುತ್ತದೆ. ಗ್ರಾಮೀಣ ಭಾಗದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಕುಡಿಯುವ ನೀರು ಒದಗಿಸಬೇಕೆಂಬುದು 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನ ಗುರಿ. ಅಂದರೆ ಗಾಡಿಯ ಒಂದು ಜಳಕಕ್ಕೆ ಐದು ಜನರ ಒಂದು ದಿನದ ನೀರು ಹೋದಂತಾಯಿತು.

ಇದೇ ಕೆಲಸವನ್ನು ನಾಲ್ಕು ಬಕೆಟ್, ಎಂದರೆ 60 ಲೀಟರಿನಲ್ಲಿ ಮುಗಿಸಬಹುದು. ಗಾಲಿ ಮತ್ತು ಅಡಿಭಾಗಕ್ಕೆ ಒಂದೂವರೆ ಬಕೆಟ್, ಹಿಂದಿನ ಬಾಡಿಗೆ ಒಂದು, ಹೊರಮೈಗೆ ಒಂದೂವರೆ. ಮಳೆಗಾಲದಲ್ಲಿ ಎರೆ ಕೆಸರು ಮೆತ್ತಿದಾಗ ಇನ್ನೆರಡು ಬಕೆಟ್ ಹೆಚ್ಚು ಬೇಕಾದೀತು.

ನೀರಿನ ಗುಣವನ್ನೂ ನೋಡಬೇಕು. ಡೋಣಿ ನದಿಯ ನೀರು ಸವುಳೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಹಲವು ಊರುಗಳ ಕೊಳವೆಬಾವಿಯ ನೀರೂ ಸವುಳಾಗಿರುತ್ತದೆ. ಇಂಥ ನೀರಿನಿಂದ ತೊಳೆದು ಹಾಗೆಯೇ ಬಿಟ್ಟರೆ ನೀರು ಆರಿ ಉಪ್ಪು ಉಳಿಯುತ್ತದೆ. ಗಾಜಿನ ಮೇಲೆ ಕಾಣುವ ಬಿಳಿ ಕಲೆ ಅದೇ. ಚಾಸಿಯ ಸಂದಿಯಲ್ಲಿಯೂ ಅದು ಕಾಣದಂತೆ ಕುಳಿತು ತುಕ್ಕಿಗೆ ದಾರಿ ಮಾಡುತ್ತದೆ. ಸವುಳು ನೀರೇ ಗತಿಯಾದಲ್ಲಿ ಕೆಸರು ತೊಳೆಯಲು ಮಾತ್ರ ಅದನ್ನು ಬಳಸಿ, ಕೊನೆಯ ಒಂದು ಬಕೆಟ್ ಮಳೆನೀರು ಅಥವಾ ನದಿಯ ಸಿಹಿನೀರಾಗಿರುವಂತೆ ನೋಡಿಕೊಳ್ಳಬೇಕು. ಕೃಷಿ ಹೊಂಡವಿದ್ದವರು ಅದರ ನೀರನ್ನು ರಾತ್ರಿ ಬಕೆಟ್ಟಿನಲ್ಲಿ ತುಂಬಿಟ್ಟು, ಮಣ್ಣು ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನು ಬಳಸಬಹುದು. ಯಾವ ನೀರಿನಿಂದ ತೊಳೆದರೂ ಕೊನೆಗೆ ಒಣಬಟ್ಟೆಯಿಂದ ಒರೆಸುವುದು ಅವಶ್ಯ.

ತೊಳೆಯುವ ಸ್ಥಳ

ಭೀಮೆಯ ದಂಡೆ, ಕೃಷ್ಣೆಯ ಹಿನ್ನೀರು, ಕಾಲುವೆ, ಕೆರೆ ಇವುಗಳಿಗೆ ಗಾಡಿಯನ್ನು ಇಳಿಸಿ ತೊಳೆಯುವ ರೂಢಿ ಹಲವು ಕಡೆ ಇದೆ. ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟು ಇಂದು ನಾಡಿಗೆ ನೀರು ಕೊಡುತ್ತಿದೆ. ಕಾಲುವೆಯ ನೀರು ಮುಂದಿನ ಊರಿನ ಕೆರೆ ತುಂಬುತ್ತದೆ, ದನಕರುಗಳ ಬಾಯಿಗೆ ಹೋಗುತ್ತದೆ. ಗಾಡಿಯ ಡೀಸೆಲ್, ಗ್ರೀಸು, ಔಷಧಿಯ ಅಂಶ ಅದರಲ್ಲಿ ಬೆರೆಯುವುದು ಕೆಳಗಿನ ಊರಿನವರಿಗೆ ಮಾಡುವ ಅನ್ಯಾಯ. ಮೇಲಾಗಿ ನೀರಿಗಿಳಿಸಿದ ಗಾಡಿಯ ಗಾಲಿಯ ಬೇರಿಂಗಿಗೆ ನೀರು ಸೇರಿ ಗ್ರೀಸು ಕೆಡುತ್ತದೆ.

ಮನೆಯ ಹಿತ್ತಲಿನಲ್ಲಿ ಅಥವಾ ಕಣದ ಬದಿಯಲ್ಲಿ ಗಾಡಿ ನಿಲ್ಲುವಷ್ಟು ಜಾಗಕ್ಕೆ ಪರಸಿ ಕಲ್ಲು ಇಲ್ಲವೆ ಗರಸು ಹಾಸಿ, ಒಂದು ಕಡೆಗೆ ಸ್ವಲ್ಪ ಇಳಿಜಾರು ಕೊಡಬೇಕು. ಇಳಿಜಾರಿನ ತುದಿಯಲ್ಲಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿ ದಪ್ಪ ಕಲ್ಲು, ಸಣ್ಣ ಕಲ್ಲು, ಮರಳು ತುಂಬಿದರೆ ಕೆಸರು ನೀರು ಇಂಗುತ್ತದೆ. ಈ ಸ್ಥಳ ಬಾವಿ, ಬೋರು, ಕುಡಿಯುವ ನೀರಿನ ತೊಟ್ಟಿ, ದನದ ಕೊಟ್ಟಿಗೆ ಇವುಗಳಿಂದ ಸಾಕಷ್ಟು ದೂರವಿದ್ದು, ಅವುಗಳಿಗಿಂತ ತಗ್ಗಿನಲ್ಲಿರಬೇಕು. ನೀರು ಓಣಿಯ ಗಟಾರಕ್ಕೆ ಹರಿದು ನಿಲ್ಲುವಂತಾಗಬಾರದು.

ಬರಿಯ ಮಣ್ಣು, ತಿಪ್ಪೆಗೊಬ್ಬರ ತೊಳೆದ ನೀರನ್ನು ಬೇವು, ಹುಣಸೆ ಮೊದಲಾದ ಗಿಡಗಳ ಬುಡಕ್ಕೆ ಬಿಡಬಹುದು. ಆದರೆ ಸೋಡಾ ಮತ್ತು ಸಾಬೂನು ಬೆರೆತ ನೀರನ್ನು ಎರೆಭೂಮಿಯ ಒಂದೇ ಜಾಗಕ್ಕೆ ಮೇಲಿಂದ ಮೇಲೆ ಬಿಡಬಾರದು. ಅದರಲ್ಲಿರುವ ಸೋಡಿಯಂ ಎರೆಮಣ್ಣನ್ನು ಬಿಗಿಗೊಳಿಸಿ ಜವುಳು ಮಾಡುತ್ತದೆ.

ಬೇಕಾಗುವ ಸಾಮಾನು

ಎರಡು ಬಕೆಟ್, ಒಂದು ಚೊಂಬು, ತೆಂಗಿನ ಕಡ್ಡಿಯ ಕಸಬರಿಗೆ, ಗಟ್ಟಿ ನಾರಿನ ಬ್ರಷ್, ಮೆತ್ತಗಿನ ಹತ್ತಿ ಬಟ್ಟೆ ನಾಲ್ಕು, ಹಳೆಯ ಗೋಣಿಚೀಲ ಎರಡು, ಚೂಪಾದ ಕಟ್ಟಿಗೆಯ ಕಡ್ಡಿ, ರಬ್ಬರ್ ಕೈಚೀಲ ಇವಿಷ್ಟು ಇದ್ದರೆ ಸಾಕು. ಹೊರಮೈಗೆ ಸೌಮ್ಯವಾದ ದ್ರವ ಸಾಬೂನು ಒಳ್ಳೆಯದು. ಒಂದು ಹಿಡಿ ಅಂಟುವಾಳ ಕಾಯಿಯನ್ನು ರಾತ್ರಿ ನೆನೆಹಾಕಿ ಹಿಂಡಿದ ನೊರೆಯೂ ಆಗುತ್ತದೆ. ಬಟ್ಟೆ ಒಗೆಯುವ ಸೋಡಾವನ್ನು ಬಣ್ಣದ ಮೇಲೆ ತಿಕ್ಕಬಾರದು. ಅದನ್ನು ಹಿಂದಿನ ಬಾಡಿಯ ಒಳಭಾಗಕ್ಕೆ ಮಾತ್ರ ಮೀಸಲಿಡಬೇಕು.

ಹೊಳಪು ಬರಲೆಂದು ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸುವುದನ್ನು ಕೆಲವರು ರೂಢಿಸಿಕೊಂಡಿದ್ದಾರೆ. ಹೊಳಪು ಅರ್ಧ ದಿನದ್ದು. ಆ ಎಣ್ಣೆಗೆ ಧೂಳು ಹತ್ತುತ್ತದೆ, ರಬ್ಬರ್ ಪಟ್ಟಿಗಳು ಉಬ್ಬಿ ಕೆಡುತ್ತವೆ, ಬಣ್ಣ ಮಂಕಾಗುತ್ತದೆ. ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಪಂಪಿನಿಂದ ಗಾಡಿಗೆ ನೀರು ಹೊಡೆಯುವುದೂ ತಪ್ಪು. ಪಂಪಿನಲ್ಲಿ ಉಳಿದ ಔಷಧಿ ಗಾಡಿಗೆ ಹತ್ತುತ್ತದೆ.

ತೊಳೆಯುವ ಕ್ರಮ

1. ಬಿಸಿಲೇರುವ ಮೊದಲು, ನೆರಳಿನಲ್ಲಿ, ಎಂಜಿನ್ ತಣ್ಣಗಾದ ಮೇಲೆ ಗಾಡಿಯನ್ನು ನಿಲ್ಲಿಸಿ, ಕೈಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಡಬೇಕು. ಕಾದ ತಗಡಿನ ಮೇಲೆ ಸಾಬೂನು ನೀರು ತಟ್ಟನೆ ಆರಿ ಕಲೆ ಬೀಳುತ್ತದೆ.

2. ನೀರು ಮುಟ್ಟುವ ಮೊದಲು ಕಸಬರಿಗೆ ಮುಟ್ಟಬೇಕು. ಹಿಂದಿನ ಬಾಗಿಲು ಇಳಿಸಿ ಒಣಕಸವನ್ನೆಲ್ಲ ಗುಡಿಸಿ ತೆಗೆಯಬೇಕು. ನೆಲದ ಸಂದಿ, ಬಾಗಿಲ ತಿರುಗಣಿ, ನೀರು ಹೋಗುವ ತೂತುಗಳನ್ನು ಕಟ್ಟಿಗೆಯ ಕಡ್ಡಿಯಿಂದ ಬಿಡಿಸಬೇಕು. ಈ ತೂತು ಮುಚ್ಚಿಕೊಂಡರೆ ನೀರು ನಿಂತು ತಗಡು ಅಲ್ಲಿಂದಲೇ ಕೊಳೆಯುತ್ತದೆ. ಗೊಬ್ಬರದ ಹರಳು ಕಂಡರೆ ಗುಡಿಸಿ ಹೊಲಕ್ಕೆ ಒಯ್ಯಬೇಕು. ನೀರು ಹಾಕಿ ಕರಗಿಸಬಾರದು.

3. ಆಮೇಲೆ ಗಾಲಿ ಮತ್ತು ಅಡಿಭಾಗ. ಎರೆಮಣ್ಣು ಹಸಿಯಿದ್ದಾಗ ಅಂಟು, ಒಣಗಿದಾಗ ಕಲ್ಲು. ಒಣಗಿದ ಎರೆಯನ್ನು ಖುರಪಿಯಿಂದಲೋ ಕುಡುಗೋಲಿನಿಂದಲೋ ಕೆರೆದರೆ ಮಣ್ಣಿನೊಡನೆ ಬಣ್ಣವೂ ಕಿತ್ತು ಬರುತ್ತದೆ. ಗೋಣಿಚೀಲ ನೆನೆಸಿ ಮಣ್ಣು ಹಿಡಿದ ಜಾಗಕ್ಕೆ ಹೊದಿಸಿ ಅರ್ಧ ಗಂಟೆ ಬಿಟ್ಟರೆ ಎರೆ ಉಬ್ಬಿ ತಾನೇ ಸಡಿಲವಾಗುತ್ತದೆ. ಅನಂತರ ಕಟ್ಟಿಗೆಯಿಂದ ತಳ್ಳಿ, ಚೊಂಬಿನಿಂದ ನೀರು ಹಾಕಿ ಬ್ರಷ್ಷಿನಿಂದ ತಿಕ್ಕಬೇಕು. ಮಡ್‌ಗಾರ್ಡಿನ ಒಳಮೈ, ಪಾಟಾಗಳ ನಡುವೆ, ಚಾಸಿಯ ಮೇಲಂಚು ಇವು ಎರೆ ಅಡಗುವ ಜಾಗಗಳು. ಎರೆಮಣ್ಣು ತೇವವನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಜೋಳಕ್ಕೆ ವರವಾದ ಈ ಗುಣವೇ ತಗಡಿಗೆ ಶಾಪ.

4. ಮೂರನೆಯದಾಗಿ ಹಿಂದಿನ ಬಾಡಿ. ಹೇರಿದ ವಸ್ತುವಿಗೆ ತಕ್ಕಂತೆ ತೊಳೆಯುವ ರೀತಿಯನ್ನು ಮುಂದೆ ಹೇಳಲಾಗಿದೆ.

5. ಕೊನೆಗೆ ಹೊರಮೈ. ಒಂದು ಬಕೆಟ್ಟಿನಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬರಿನೀರು. ಮೊದಲು ಚೊಂಬಿನಿಂದ ಧೂಳನ್ನು ನೆನೆಸಿ ಇಳಿಸಬೇಕು. ಮೇಲಿನಿಂದ ಕೆಳಗೆ ಸ್ವಲ್ಪ ಸ್ವಲ್ಪ ಭಾಗ ತೊಳೆಯುತ್ತ, ಹೊಲಸಾದ ಬಟ್ಟೆಯನ್ನು ಬರಿನೀರಿನಲ್ಲಿ ಹಿಂಡಿ ಅನಂತರವೇ ಸಾಬೂನು ನೀರಿಗೆ ಅದ್ದಬೇಕು. ಗಾಲಿ ತೊಳೆದ ಬಟ್ಟೆಯಿಂದ ಬಾಗಿಲು ಒರೆಸಿದರೆ ಮರಳಿನ ಕಣ ಬಣ್ಣಕ್ಕೆ ಗೀರು ಹಾಕುತ್ತದೆ. ದೀಪ, ಹಿಂಬದಿಯ ಕೆಂಪು ದೀಪ, ನಂಬರ್ ಪ್ಲೇಟು, ಕನ್ನಡಿ ಇವುಗಳನ್ನು ಮಾತ್ರ ದಿನವೂ ಒರೆಸಬೇಕು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಟ್ರ್ಯಾಕ್ಟರುಗಳ ನಡುವೆ ಓಡುವ ಗಾಡಿಯ ಕೆಂಪು ದೀಪಕ್ಕೆ ಕೆಸರು ಹತ್ತಿದ್ದರೆ ಅದು ಜೀವಕ್ಕೆ ಅಪಾಯ.

6. ತೊಳೆದಾದ ಮೇಲೆ ಒಣಬಟ್ಟೆಯಿಂದ ಒರೆಸಿ, ಹಿಂದಿನ ಬಾಗಿಲು ತೆರೆದು ಬಿಸಿಲು ತೋರಿಸಬೇಕು. ಒಣಗದ ನೆಲದ ಮೇಲೆ ತಾಡಪತ್ರಿ ಮುಚ್ಚಬಾರದು. ಒದ್ದೆಯಾದ ಬ್ರೇಕು ಹಿಡಿತ ಕಳೆದುಕೊಂಡಿರುವ ಸಂಭವವಿರುವುದರಿಂದ, ರಸ್ತೆಗೆ ಹೋಗುವ ಮೊದಲು ನಿಧಾನವಾಗಿ ಓಡಿಸಿ ಮೂರ್ನಾಲ್ಕು ಸಲ ಹಗುರವಾಗಿ ಬ್ರೇಕು ಒತ್ತಿ ನೋಡುವುದನ್ನು ಮರೆಯಬಾರದು.

ಹೇರಿದ ವಸ್ತುವಿಗೆ ತಕ್ಕ ತೊಳೆತ

ರಾಸಾಯನಿಕ ಗೊಬ್ಬರ ಇಳಿಸಿದ ದಿನವೇ ಗುಡಿಸಿ, ಒಂದು ಬಕೆಟ್ ನೀರಿನಿಂದ ತೊಳೆದು ಒಣಗಿಸಬೇಕು. ರಾತ್ರಿ ಹಾಗೆಯೇ ಬಿಟ್ಟರೆ ಇಬ್ಬನಿ ಕುಡಿದು ಗೊಬ್ಬರ ಕರಗುತ್ತದೆ. ಚೀಲಗಳ ಕೆಳಗೆ ಹಳೆಯ ತಾಡಪತ್ರಿ ಹಾಸಿದರೆ ಅರ್ಧ ಕೆಲಸ ಉಳಿಯುತ್ತದೆ. ಗೊಬ್ಬರದ ತಾಡಪತ್ರಿ ಬೇರೆ, ಕಾಳಿನ ತಾಡಪತ್ರಿ ಬೇರೆ ಇರಬೇಕು. ಎರಡಕ್ಕೂ ಬೇರೆ ಬೇರೆ ಬಣ್ಣದ್ದನ್ನು ಕೊಂಡರೆ ಮನೆಯ ಆಳುಗಳಿಗೂ ಗೊಂದಲವಾಗುವುದಿಲ್ಲ.

ಲಿಂಬೆ, ದ್ರಾಕ್ಷಿ, ಕಬ್ಬು, ಬೆಲ್ಲ ಹೇರಿದ ಮೇಲೆ ಉಳಿದ ಅಂಟು ರಸಕ್ಕೆ ನೊಣ, ಇರುವೆ, ಕಣಜ ಮುತ್ತುತ್ತವೆ, ಬೂಷ್ಟು ಬೆಳೆಯುತ್ತದೆ. ಇದಕ್ಕೆ ಉಗುರುಬೆಚ್ಚಗಿನ ನೀರು ಮತ್ತು ಸ್ವಲ್ಪ ಸಾಬೂನು ಸಾಕು. ಇಂಡಿಯಲ್ಲಿ ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯಿದೆ. ಅಲ್ಲಿಯ ಲಿಂಬೆಗೆ ದೂರದ ಊರುಗಳಲ್ಲಿಯೂ ಹೆಸರಿದೆ. ಬೂಷ್ಟು ಹಿಡಿದ ನೆಲದ ಮೇಲೆ ಹೇರಿದ ಹಣ್ಣು ಆ ಹೆಸರನ್ನು ಉಳಿಸಲಾರದು.

ದನಕರುಗಳನ್ನು ಸಾಗಿಸಿದ ಮೇಲೆ, ಅದರಲ್ಲಿಯೂ ಜಾನುವಾರು ಸಂತೆಯಿಂದ ಮರಳಿದ ಮೇಲೆ, ಸಗಣಿ, ಮೇವನ್ನು ಪೂರ್ತಿ ತೆಗೆದು ತೊಳೆದು, ಅನಂತರ ಶೇಕಡಾ 4ರ ಸೋಡಾ ದ್ರಾವಣದಿಂದ ನೆಲ ಮತ್ತು ಪಕ್ಕಗಳನ್ನು ನೆನೆಸಬೇಕು. 15 ಲೀಟರ್ ನೀರಿಗೆ 600 ಗ್ರಾಂ ಬಟ್ಟೆ ಸೋಡಾ ಬೆರೆಸಿದರೆ ಈ ದ್ರಾವಣ ಸಿದ್ಧ. ಕಾಲುಬಾಯಿ ಬೇನೆಯ ರೋಗಾಣುವಿಗೆ ಇದು ಅಗ್ಗದ, ಪರಿಣಾಮಕಾರಿ ಮದ್ದು. ಅರ್ಧ ಗಂಟೆಯ ನಂತರ ಬರಿನೀರಿನಿಂದ ತೊಳೆಯಬೇಕು. ಗಾಲಿಗಳಿಗೂ ಇದೇ ದ್ರಾವಣ ಹಾಕುವುದು ಲೇಸು.

ಕಾಳುಕಡಿ ಹೇರುವ ಮುನ್ನ ನೆಲ ಪೂರ್ತಿ ಒಣಗಿರಬೇಕು. ಹಳೆಯ ಕಾಳು ಒಂದೂ ಉಳಿದಿರಬಾರದು. ಅಂಗೈಯಿಂದ ನೆಲ ಸವರಿ ನೋಡಿ, ಕೈಗೆ ಪುಡಿ ಹತ್ತದೆ, ವಾಸನೆ ಬಾರದೆ ಇದ್ದರೆ ಹೇರಬಹುದು. ಕೀಟನಾಶಕ ಸೋರಿದ ಸಂಶಯವಿರುವ ನೆಲವನ್ನು ಮಾತ್ರ ಬರಿಗೈಯಿಂದ ಮುಟ್ಟಬಾರದು, ಮೂಸಿಯೂ ನೋಡಬಾರದು.

ಕೀಟನಾಶಕ ಸೋರಿದಾಗ

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾಗುವುದು ಇಲ್ಲಿಯೇ. ಡಬ್ಬಿಯ ಚೀಟಿಯ ಮೇಲಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಹೇಳುತ್ತದೆ. ಕೆಂಪು ಅತಿ ಹೆಚ್ಚು ವಿಷ. ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಯಾವ ಬಣ್ಣವಿದ್ದರೂ ಸೋರಿದ ಔಷಧಿಯ ಮೇಲೆ ಮೊದಲೇ ನೀರು ಸುರಿಯಬಾರದು. ನೀರು ಸುರಿದರೆ ವಿಷ ಸಂದಿ ಸಂದಿಗೂ ಹರಡುತ್ತದೆ.

ಮಕ್ಕಳು, ದನ, ಕೋಳಿ, ನಾಯಿಗಳನ್ನು ದೂರವಿಟ್ಟು, ರಬ್ಬರ್ ಕೈಚೀಲ ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸೋರಿದ ಜಾಗದ ಮೇಲೆ ಒಣ ಎರೆಮಣ್ಣಿನ ಪುಡಿ ಹರಡಬೇಕು. ಎರೆಮಣ್ಣು ದ್ರವವನ್ನು ಚೆನ್ನಾಗಿ ಹೀರುತ್ತದೆ. ಸ್ವಲ್ಪ ಹೊತ್ತಿನ ನಂತರ ಮಣ್ಣನ್ನು ಗುಡಿಸಿ ತೆಗೆದು, ಬಾವಿ, ಹಳ್ಳ, ಮೇವಿನ ಜಾಗಗಳಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಅನಂತರ ಬಟ್ಟೆ ಸೋಡಾ ಮತ್ತು ಸಾಬೂನು ಬೆರೆಸಿದ ನೀರಿನಿಂದ ತಿಕ್ಕಿ, ಅರ್ಧರ್ಧ ಬಕೆಟ್ ನೀರಿನಿಂದ ಮೂರು ಸಲ ತೊಳೆಯಬೇಕು. ಒಂದೇ ಸಲ ಒಂದೂವರೆ ಬಕೆಟ್ ಸುರಿಯುವುದಕ್ಕಿಂತ ಮೂರು ಸಲ ಸ್ವಲ್ಪ ಸ್ವಲ್ಪ ತೊಳೆಯುವುದು ಹೆಚ್ಚು ಪರಿಣಾಮಕಾರಿ. ಈ ನೀರು ಇಂಗುಗುಂಡಿಗೂ ಗಟಾರಕ್ಕೂ ಹೋಗಬಾರದು. ಆದ್ದರಿಂದ ಈ ತೊಳೆತವನ್ನು ಮನೆಯ ಹತ್ತಿರ ಮಾಡದೆ ಬೆಳೆಯಿಲ್ಲದ ಬಯಲು ಜಾಗದಲ್ಲಿ ಮಾಡಬೇಕು. ವಾಸನೆ ಕಳೆಯಲೆಂದು ಬ್ಲೀಚಿಂಗ್ ಪುಡಿಯನ್ನು ಗೊಬ್ಬರ ಅಥವಾ ಆಮ್ಲ ಚೆಲ್ಲಿದ ಜಾಗಕ್ಕೆ ಹಾಕಬಾರದು, ವಿಷಗಾಳಿ ಹುಟ್ಟುತ್ತದೆ.

ನೆಲಕ್ಕೆ ಕಟ್ಟಿಗೆಯ ಹಲಗೆ ಹೊಡೆಸಿದ್ದರೆ ವಿಷ ಹಲಗೆಯೊಳಗೆ ಇಳಿಯುತ್ತದೆ. ಎಷ್ಟು ತೊಳೆದರೂ ಅದು ಪೂರ್ತಿ ಹೋಗುವ ಭರವಸೆಯಿಲ್ಲ. ಅಂಥ ಹಲಗೆಯನ್ನು ಕಿತ್ತು ಹೊಸದನ್ನು ಹಾಕಿಸುವುದೇ ಕ್ಷೇಮ. ಕಿತ್ತ ಹಲಗೆಯನ್ನು ಒಲೆಗೆ ಹಾಕಬಾರದು.

ಕಬ್ಬು, ಜೋಳದ ಕಳೆಗೆ ಬಳಸುವ 2,4-ಡಿ ಕಳೆನಾಶಕ ದ್ರಾಕ್ಷಿ ಮತ್ತು ಹತ್ತಿಗೆ ಅತಿ ಸ್ವಲ್ಪ ಪ್ರಮಾಣದಲ್ಲಿಯೂ ಮಾರಕ. ಎಲೆ ಮುದುಡಿ ಬೀಸಣಿಗೆಯಂತಾಗುತ್ತದೆ. ಈ ಔಷಧಿ ಸೋರಿದ ಗಾಡಿಯನ್ನು ದ್ರಾಕ್ಷಿ ತೋಟದ ಬದಿಯಲ್ಲಿ ತೊಳೆಯುವುದಾಗಲಿ, ತೊಳೆಯದೆ ಸಿಂಪರಣೆಯ ನೀರಿನ ಡ್ರಮ್ಮುಗಳನ್ನು ಅದರಲ್ಲಿ ಇಡುವುದಾಗಲಿ ಮಾಡಬಾರದು.

ಸೋರಿದ ಮೇಲೆ ತೊಳೆಯುವುದಕ್ಕಿಂತ ಸೋರದಂತೆ ನೋಡಿಕೊಳ್ಳುವುದು ಸುಲಭ. ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಔಷಧಿಗೆಂದೇ ಮೀಸಲಿಟ್ಟು, ಡಬ್ಬಿಗಳನ್ನು ಅದರೊಳಗೆ ನೆಟ್ಟಗೆ ನಿಲ್ಲಿಸಿ, ಪೆಟ್ಟಿಗೆಯನ್ನು ಗಾಡಿಗೆ ಕಟ್ಟಬೇಕು. ಚಾಲಕನ ಕ್ಯಾಬಿನ್ನಿನಲ್ಲಿ ಔಷಧಿ ಇಡಬಾರದು. ಔಷಧಿಯೊಡನೆ ಆಹಾರ, ಮೇವು, ಬೀಜ ಹೇರಬಾರದು. ಕಳೆ ತೆಗೆಯುವ ಹೆಣ್ಣಾಳುಗಳನ್ನು ಹಿಂದಿನ ಬಾಡಿಯಲ್ಲಿ ಕೂರಿಸಿಕೊಂಡು ಹೋಗುವ ರೂಢಿಯಂತೂ ಎರಡು ರೀತಿಯಲ್ಲಿ ತಪ್ಪು: ಸರಕಿನ ಗಾಡಿಯಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ, ಔಷಧಿ ಸೋರಿದ ನೆಲದ ಮೇಲೆ ಬರಿಗಾಲಿನಲ್ಲಿ ಕೂರಿಸುವುದು ಅವರ ಮೈಗೆ ವಿಷ ಹಚ್ಚಿದಂತೆ. ಯಾರಿಗಾದರೂ ವಾಂತಿ, ಜೊಲ್ಲು, ಕಣ್ಣು ಮಂಜು ಕಾಣಿಸಿದರೆ ಡಬ್ಬಿಯ ಚೀಟಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಂಜಿನ್, ಬ್ಯಾಟರಿ ಮತ್ತು ಕ್ಯಾಬಿನ್

ಎಂಜಿನ್ನಿಗೆ ನೀರು ಸುರಿಯುವುದು ಬೇಡ. ಇಂದಿನ ಗಾಡಿಗಳಲ್ಲಿ ವಿದ್ಯುತ್ ತಂತಿ, ಸೆನ್ಸಾರ್ ಬಹಳ. ಒಣ ಬ್ರಷ್ ಮತ್ತು ಬಟ್ಟೆಯಿಂದ ಧೂಳು ತೆಗೆದರೆ ಸಾಕು. ರಾಶಿಯ ಕಾಲದಲ್ಲಿ ಜೋಳ, ತೊಗರಿಯ ಹೊಟ್ಟು ರೇಡಿಯೇಟರಿನ ಜಾಲರಿಯಲ್ಲಿ ತುಂಬಿಕೊಂಡು ಎಂಜಿನ್ ಕಾಯುತ್ತದೆ. ತಣ್ಣಗಾದ ಮೇಲೆ ಮೆತ್ತಗಿನ ಬ್ರಷ್ಷಿನಿಂದ, ರೆಕ್ಕೆಗಳು ಬಾಗದಂತೆ ಹೊಟ್ಟನ್ನು ಬಿಡಿಸಬೇಕು. ಕಾಗದದ ಏರ್ ಫಿಲ್ಟರನ್ನು ತಟ್ಟಿ ಧೂಳು ಉದುರಿಸಬಹುದೇ ಹೊರತು ತೊಳೆಯಬಾರದು.

ಬ್ಯಾಟರಿಯ ಕೊನೆಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ, ಮೊದಲು ಋಣ ತಂತಿಯನ್ನು ಬಿಚ್ಚಿ, ಒಂದು ಲೋಟ ನೀರಿಗೆ ಒಂದು ಚಮಚ ತಿನ್ನುವ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಒರೆಸಬೇಕು. ಸೋಡಾ ನೀರು ಬ್ಯಾಟರಿಯೊಳಗೆ ಇಳಿಯಬಾರದು. ಒಣಗಿದ ಮೇಲೆ ತಂತಿ ಬಿಗಿದು ವ್ಯಾಸಲೀನ್ ಹಚ್ಚಬೇಕು.

ಕ್ಯಾಬಿನ್ನಿನಲ್ಲಿ ಸ್ಟಿಯರಿಂಗ್, ಗೇರಿನ ಹಿಡಿ, ಬಾಗಿಲ ಹಿಡಿಗಳನ್ನು ಸಾಬೂನು ನೀರಿನ ಒದ್ದೆ ಬಟ್ಟೆಯಿಂದ ಒರೆಸುವುದು ಮುಖ್ಯ. ಔಷಧಿ ಹೊಡೆದ ಕೈ ಮೊದಲು ಮುಟ್ಟುವುದು ಇವುಗಳನ್ನೇ. ಆಮೇಲೆ ಅದೇ ಹಿಡಿಯನ್ನು ಮುಟ್ಟಿದ ಕೈ ಬುತ್ತಿಯ ರೊಟ್ಟಿ ಮುರಿಯುತ್ತದೆ. ಕಾಲಡಿಯ ಹಾಸನ್ನು ತೆಗೆದು ಝಾಡಿಸಿ, ಕೆಳಗಿನ ತಗಡು ಒದ್ದೆಯಾಗಿದ್ದರೆ ಒಣಗಿಸಬೇಕು.

ತೊಳೆಯುವಾಗ ಕಂಡದ್ದನ್ನು ಸರಿಪಡಿಸುವುದು

ಎತ್ತಿನ ಮೈ ತೊಳೆಯುವಾಗ ಬಾವು ಕಂಡಂತೆ, ಗಾಡಿ ತೊಳೆಯುವಾಗ ಅದರ ರೋಗವೂ ಕಣ್ಣಿಗೆ ಬೀಳುತ್ತದೆ. ಬಣ್ಣ ಉಬ್ಬಿದ್ದರೆ ಕೆಳಗೆ ತುಕ್ಕು ಇದೆಯೆಂದು ತಿಳಿಯಬೇಕು. ಉಪ್ಪುಕಾಗದದಿಂದ ಹೊಳೆಯುವ ಕಬ್ಬಿಣ ಕಾಣುವವರೆಗೆ ತಿಕ್ಕಿ, ಒರೆಸಿ, ಒಣಗಿಸಿ, ಒಂದು ಕೈ ರೆಡ್ ಆಕ್ಸೈಡ್, ಅದರ ಮೇಲೆ ಎರಡು ಕೈ ಬಣ್ಣ ಹಚ್ಚಿದರೆ ಅಲ್ಲಿಗೇ ನಿಲ್ಲುತ್ತದೆ. ಹೆಬ್ಬೆರಳಿನಷ್ಟಗಲದ ತುಕ್ಕಿಗೆ ಒಂದು ತಾಸಿನ ಕೆಲಸ ಸಾಕು. ಅದನ್ನೇ ಒಂದು ಮಳೆಗಾಲ ಬಿಟ್ಟರೆ ವೆಲ್ಡಿಂಗ್ ಅಂಗಡಿಗೆ ಹೋಗಬೇಕಾಗುತ್ತದೆ. ಟಾಯರಿನಲ್ಲಿ ಹೊಕ್ಕ ಜಾಲಿ ಮುಳ್ಳು, ಪಾಟಾದ ಬಿರುಕು, ಎಣ್ಣೆಯ ಸೋರಿಕೆ, ಸಡಿಲವಾದ ನಟ್ಟು ಇವೆಲ್ಲವೂ ಕೆಸರು ಹೋದಾಗಲೇ ಕಾಣುವಂಥವು.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಭಾಗ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಪೂರ್ತಿ ತೊಳೆತ, ಪ್ರತಿ ಸರಕು ಇಳಿಸಿದ ಮೇಲೆ ಕಸಬರಿಗೆ, ಗೊಬ್ಬರ ಮತ್ತು ಔಷಧಿ ಹೇರಿದ ದಿನವೇ ಹಿಂದಿನ ಬಾಡಿಯ ತೊಳೆತ, ಇಷ್ಟನ್ನು ಪಾಲಿಸಿದರೆ ಸಾಕು. ಇದಕ್ಕೆ ತಗಲುವುದು ನಾಲ್ಕು ಬಕೆಟ್ ನೀರು, ಒಂದೂವರೆ ತಾಸು ಹೊತ್ತು.

ರೈತನು ಬೆಳೆದ ಕಾಳು, ಹಣ್ಣು ಹೊಲದಿಂದ ಹೊರಟ ಮೇಲೆ ಮೊದಲು ಮೈಯೂರುವುದು ಗಾಡಿಯ ನೆಲದ ಮೇಲೆ. ವರ್ಷವಿಡೀ ಬೆವರು ಸುರಿಸಿ ಶುಚಿಯಾಗಿ ಬೆಳೆದದ್ದು ಆ ಎರಡು ತಾಸಿನ ದಾರಿಯಲ್ಲಿ ಕೆಡಬಾರದು. ಅದನ್ನು ಕೊಂಡು ತಿನ್ನುವವರು ಸೊಲ್ಲಾಪುರದವರಿರಲಿ, ಬೆಂಗಳೂರಿನವರಿರಲಿ, ಮನೆಯ ಮಕ್ಕಳೇ ಇರಲಿ, ಗಾಡಿಯಲ್ಲಿ ನಿನ್ನೆ ಏನಿತ್ತು ಎಂಬುದು ಅವರಿಗೆ ತಿಳಿಯುವುದಿಲ್ಲ. ತಿಳಿದಿರುವವನು ಗಾಡಿಯ ಧಣಿ ಒಬ್ಬನೇ. ಆದ್ದರಿಂದ ಖಂಡೇನವಮಿಯ ದಾರಿ ಕಾಯದೆ, ಮುಂದಿನ ಸರಕು ಹೇರುವ ಮೊದಲೇ ಗಾಡಿಯ ನೆಲವನ್ನೊಮ್ಮೆ ನೋಡಿ ತೊಳೆಯುವುದನ್ನು ಪ್ರತಿಯೊಬ್ಬ ರೈತನೂ ರೂಢಿಸಿಕೊಳ್ಳುವುದು ಅತ್ಯವಶ್ಯ.